ನೋಡದೆ ಊದಿದ ಸೀಟಿ

ನಾನೊಂದು ಸೀಟಿ. ಮೈ ಹಿತ್ತಾಳೆಯದು, ಒಳಗೆ ಕಡಲೆಕಾಳಿನಷ್ಟು ದಪ್ಪದ ಬೆಂಡಿನ ಗುಂಡು. ಉತ್ತರದ ಯಾವುದೋ ಊರಿನ ಇಕ್ಕಟ್ಟು ಓಣಿಯಲ್ಲಿ ಒಬ್ಬ ಮುದುಕ ನನ್ನ ಎರಡು ಹೋಳುಗಳನ್ನು ಬೆಸೆದು, ಉಜ್ಜಿ, ಬಾಯಿಗಿಟ್ಟು ಊದಿದ. ತಲೆಯಾಡಿಸಿ ಡಬ್ಬಿಗೆ ಹಾಕಿದ. ಅವನ ಮುಖ ನೆನಪಿಲ್ಲ. ಬೀಡಿ ವಾಸನೆಯ ಆ ಉಸಿರು ಮಾತ್ರ ನೆನಪಿದೆ.

ಮೊದಲ ಹನ್ನೆರಡು ವರ್ಷ ನಾನು ಮಂಡ್ಯದ ಕಡೆಯ ಬಸ್ಸೊಂದರಲ್ಲಿ ಓಡಾಡಿದೆ. ಕಂಡಕ್ಟರ್ ಬೋರಯ್ಯ ಒಂದು ಸಲ ಊದಿದರೆ ಬಸ್ಸು ನಿಲ್ಲುತ್ತಿತ್ತು, ಎರಡು ಸಲ ಊದಿದರೆ ಹೊರಡುತ್ತಿತ್ತು. ಯಾರೂ ನನ್ನೊಡನೆ ವಾದಕ್ಕೆ ನಿಲ್ಲುತ್ತಿರಲಿಲ್ಲ. ನಿವೃತ್ತನಾದ ದಿನ ಬೋರಯ್ಯ ನನ್ನನ್ನು ತನ್ನ ಹೆಂಡತಿಯ ತಮ್ಮನ ಅಂಗೈಗೆ ಹಾಕಿದ. "ತಕ್ಕೊ ಮಾದಯ್ಯ, ನಂಗೆ ಊದಿ ಊದಿ ಸಾಕಾಯ್ತು" ಎಂದ.

ಆ ಭಾವಮೈದುನ ಶಿವಮಾದಯ್ಯ. ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣದವರು. ಹುಡುಗರು ಪಿ.ಡಿ. ಸಾರ್ ಎನ್ನುತ್ತಿದ್ದರು. ಅಲ್ಲಿಂದ ನನ್ನ ನೆಮ್ಮದಿ ಮುಗಿಯಿತು. ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ನಾನು ಒಂದು ಸಲ ಬಾಯಿ ತೆರೆದರೆ ಹತ್ತು ಜನ ಬಾಯಿ ತೆರೆಯುತ್ತಿದ್ದರು. "ಯಾಕ್ ಸಾ?" "ನಾನೆಲ್ಲಿ ಸಾ?" "ಅವನದು ಕಾಣಲ್ವಾ ಸಾ?" ದಿನವೂ ಅದೇ ಪಾಡು.

ಕಾಲೇಜಿನ ದೊಡ್ಡ ತಂಡದ ಆಟ ಬೇರೆ. ನಾನು ಹೇಳುತ್ತಿರುವುದು ಸಂಜೆ ನಾಲ್ಕರ ಮೇಲೆ ತರಗತಿ ತರಗತಿಗಳ ನಡುವೆ ನಡೆಯುತ್ತಿದ್ದ ಆಟ. ಕಪ್ಪಿಲ್ಲ, ಸರ್ಟಿಫಿಕೇಟಿಲ್ಲ. ಗೆದ್ದ ತರಗತಿಯ ಹೆಸರನ್ನು ಆಟದ ಕೋಣೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು, ಅಷ್ಟೆ. ಆ ಆಟಕ್ಕೆ ಶಿವಮಾದಯ್ಯ ಎರಡು ನಿಯಮ ಹಾಕಿದ್ದರು. ಫೌಲ್ ಮಾಡಿದವರು ತಾವೇ ಕೈ ಎತ್ತಬೇಕು. ಸೀಟಿ ಊದಿದ ಮೇಲೆ ಎದುರು ಮಾತಿಲ್ಲ. ಎರಡನೆಯದನ್ನು ಅವರು ಬಹಳ ಜೋರಾಗಿ ಹೇಳುತ್ತಿದ್ದರು.

ತೇಜಾವತಿ ಬಿ.ಎ. ಕೊನೆಯ ವರ್ಷದವಳು. ಉದ್ದ ಕೈಗಳ, ಕಮ್ಮಿ ಮಾತಿನ ಹುಡುಗಿ. ಪರಸ್ಥಳಕ್ಕೆ ಹೋಗಿ ಆಡಲು ಮನೆಯಲ್ಲಿ ಬಿಡುತ್ತಿರಲಿಲ್ಲವಾದ್ದರಿಂದ ದೊಡ್ಡ ತಂಡಕ್ಕೆ ಸೇರಲಿಲ್ಲ. ಅವಳಿಗೆ ಇದ್ದದ್ದು ಈ ಸಂಜೆಯ ಆಟ, ಅದೂ ಆರು ಗಂಟೆಯ ಬಸ್ಸು ಬರುವವರೆಗೆ. ಹಿಂದಿನ ಎರಡು ವರ್ಷವೂ ಅವಳ ತರಗತಿ ಫೈನಲ್ಲಿನಲ್ಲಿ ಬಿ.ಕಾಂ.ಗೆ ಸೋತಿತ್ತು. ಮೂರನೆಯ ವರ್ಷವೂ ಫೈನಲ್ಲಿಗೆ ಬಂದದ್ದು ಈ ಎರಡು ತರಗತಿಗಳೇ.

ಫೈನಲ್ಲಿನ ದಿನ, ಬೆಳಗಿನ ಅಭ್ಯಾಸದ ಆಟಗಳೂ ಸೇರಿ, ಶಿವಮಾದಯ್ಯನವರಿಗೆ ಅದು ನಾಲ್ಕನೆಯ ಆಟ. ಬಲ ಮೊಣಕಾಲು ಬೆಳಿಗ್ಗೆಯಿಂದ ಊದಿಕೊಂಡಿತ್ತು. ಮೊದಲೆಲ್ಲ ಚೆಂಡಿನ ಜೊತೆ ಬುಟ್ಟಿಯ ಕೆಳಗಿನವರೆಗೂ ಓಡುತ್ತಿದ್ದವರು ಅಂದು ನಡುಗೆರೆಯ ಹತ್ತಿರವೇ ನಿಂತುಬಿಟ್ಟಿದ್ದರು. ಅವರ ಎದೆಯ ಮೇಲೆ ತೂಗುತ್ತಿದ್ದ ನನಗೆ ಅವರ ಏದುಸಿರು ಕೇಳುತ್ತಿತ್ತು.

ಇನ್ನು ಹನ್ನೆರಡು ಸೆಕೆಂಡು. ಬಿ.ಎ. ಮೂವತ್ತೊಂದು, ಬಿ.ಕಾಂ. ಮೂವತ್ತು. ಬಿ.ಕಾಂ.ನ ಶಾಹಿದಾ ಚೆಂಡು ಕುಟ್ಟುತ್ತ ನುಗ್ಗಿದಳು. ಅಡ್ಡ ನಿಂತಿದ್ದ ತೇಜಾವತಿಯ ತಲೆಯ ಮೇಲೆ ಆಗಲೇ ನಾಲ್ಕು ಫೌಲಿದ್ದವು. ಐದಾದರೆ ಆಟದಿಂದ ಹೊರಗೆ. ಶಾಹಿದಾ ಬುಟ್ಟಿಯತ್ತ ನೆಗೆಯಲು ಹೋಗಿ ದೊಪ್ಪನೆ ಬಿದ್ದಳು. ಶಿವಮಾದಯ್ಯನವರಿಗೆ ಕಂಡದ್ದು ತೇಜಾವತಿಯ ಬೆನ್ನು, ಅದರಾಚೆ ಬಿದ್ದ ಹುಡುಗಿ.

ಅವರು ಊದಿದರು. ಕಂಡು ಊದಿದ ಉಸಿರು ಮೊಟಕಾಗಿ, ಗಟ್ಟಿಯಾಗಿ ಬರುತ್ತದೆ. ಇದು ಒಂದು ಗಳಿಗೆ ತಡವಾಗಿ ಬಂತು. ಬಂದ ಮೇಲೆ ತನ್ನನ್ನು ತಾನೇ ನಂಬಿಸಿಕೊಳ್ಳುವಂತೆ ಉದ್ದವಾಯಿತು. ನಾನೇನು ಮಾಡಲಿ? ಉಸಿರು ಬಂದರೆ ನಾನು ಕೂಗಲೇಬೇಕು.

"ಬಿ.ಎ., ಏಳನೇ ನಂಬರ್. ಐದನೇ ಫೌಲ್. ಬಿ.ಕಾಂ.ಗೆ ಎರಡು ಫ್ರೀ ಥ್ರೋ."

ಬಿ.ಎ. ಹುಡುಗಿಯರೆಲ್ಲ ಮುತ್ತಿಕೊಂಡರು. "ಸಾ, ಅವಳು ಮುಟ್ಟೇ ಇಲ್ಲ ಸಾ!" ತೇಜಾವತಿ ಶಿವಮಾದಯ್ಯನವರ ಮುಖವನ್ನೇ ನೋಡಿದಳು. ಆಮೇಲೆ, ಊದಿದ ಮೇಲೆ ಎದುರು ಮಾತಿಲ್ಲವೆಂಬಂತೆ, ನಿಧಾನವಾಗಿ ಕೈ ಎತ್ತಿದಳು.

ಅಷ್ಟರಲ್ಲಿ ಶಾಹಿದಾ ತರಚಿದ ಮಂಡಿ ಹಿಡಿದುಕೊಂಡು ಎದ್ದು ಬಂದಳು. "ಸಾ, ಅವಳು ತಗುಲ್ನಿಲ್ಲ. ನನ್ ಶೂ ದಾರ ನಾನೇ ತುಳ್ಕೊಂಡು ಬಿದ್ದೆ."

ಊದಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಶಿವಮಾದಯ್ಯನವರಿಗೆ ಆಗ ಯಾವ ಅಡ್ಡಿಯೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಇನ್ನೂರು ಜನರತ್ತ ಒಮ್ಮೆ ನೋಡಿದರು. ನನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದರು.

"ನೀವ್‌ನೀವೇ ಹೇಳ್ಕೊಂಡಂಗೆ ತೀರ್ಪು ಬದಲಾಯಿಸ್ತಾ ಕೂತ್ರೆ ಆಟ ನಡಿಯಲ್ಲ. ಊದಿದ್ದು ಊದಿದ್ದೇ. ಚೆಂಡು ತಕ್ಕೊ."

ಶಾಹಿದಾ ಚೆಂಡು ಹಿಡಿದು ನಿಂತವಳು, ಹೊರಗೆ ಹೊರಟಿದ್ದ ತೇಜಾವತಿಗೆ, "ಎರಡೂ ಆಚೆ ಎಸೀತೀನಿ ಬುಡು" ಎಂದಳು.

ತೇಜಾವತಿ ತಿರುಗಿ ನಿಂತಳು. "ಬೇಡ ಕಣಮ್ಮಿ. ನೀನು ಬೇಕೂಂತ ಬುಟ್ರೆ ಈ ಆಟ ನಂದೂ ಆಗಲ್ಲ, ನಿಂದೂ ಆಗಲ್ಲ. ಸರಿಯಾಗಿ ಹಾಕು."

ಶಾಹಿದಾ ಎರಡನ್ನೂ ಸರಿಯಾಗಿಯೇ ಹಾಕಿದಳು. ಮೂವತ್ತೊಂದಕ್ಕೆ ಮೂವತ್ತೆರಡು. ಉಳಿದ ಸೆಕೆಂಡುಗಳಲ್ಲಿ ಬಿ.ಎ.ಗೆ ಬುಟ್ಟಿ ಸಿಗಲಿಲ್ಲ, ಆಟ ಮುಗಿಯಿತು. ಗೆದ್ದವರು ಕುಣಿಯಲಿಲ್ಲ. ತೇಜಾವತಿ ಎದುರಿನವರ ಕೈಯನ್ನೆಲ್ಲ ಕುಲುಕಿ, ಕೊನೆಗೆ ಶಿವಮಾದಯ್ಯನವರ ಕೈಯನ್ನೂ ಕುಲುಕಿ, ಬಸ್ಸಿಗೆ ಓಡಿದಳು. ಅವಳು ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ.

ಮಾರನೆಯ ದಿನ ಬಣ್ಣದವನು ಹಲಗೆ ಬರೆಯಲು ಬಂದಾಗ ಅವರು, "ತಡಿಯಪ್ಪ, ಒಂದು ಕೆಲಸ ಅದೆ" ಎಂದು ಎದ್ದರು. ಕುಂಟುತ್ತ ಎರಡನೆಯ ಮಹಡಿ ಹತ್ತಿದರು. ಬಿ.ಎ. ತರಗತಿಯಲ್ಲಿ ಪಾಠ ನಡೆಯುತ್ತಿತ್ತು. ಕನ್ನಡ ಮೇಷ್ಟ್ರ ಅಪ್ಪಣೆ ಕೇಳಿ ಒಳಗೆ ಹೋಗಿ, ಮೇಜಿಗೆ ಕೈ ಊರಿ ನಿಂತರು.

"ನೆನ್ನೆ ನಾನು ನೋಡದೆ ಇದ್ದದ್ದನ್ನ ಊದ್ದೆ. ಶಾಹಿದಾ ಹೇಳಿದ ಮೇಲೂ ತಿದ್ದಲಿಲ್ಲ. ತಪ್ಪು ನಂದು. ನೀವು ಒಪ್ಪಿದರೆ ಕೊನೇ ಹನ್ನೆರಡು ಸೆಕೆಂಡು ಮತ್ತೆ ಆಡ್ಸಾನ."

ತೇಜಾವತಿ ಎದ್ದು ನಿಂತಳು. "ಅಲ್ಲೇ ಯಾಕ್ ಹೇಳ್ನಿಲ್ಲ ಸಾ?"

ಅವರು ನೆಲ ನೋಡಿದರು. "ಹೆದರಿಕೆ ಆಯ್ತು ಕಣವ್ವ. ಅಷ್ಟು ಜನದ ಮುಂದೆ."

ಅವಳ ಕಣ್ಣು ತುಂಬಿತು. ಹಿಂದಿನ ದಿನ ಕೋರ್ಟಿನಲ್ಲಿ ತುಂಬಿರಲಿಲ್ಲ. "ಆಡೋದು ಬೇಡ ಸಾ. ಸೋತಿದ್ದಾಯ್ತು. ಮತ್ತೆ ಆಡಿದ್ರೆ ಆ ಹನ್ನೆರಡು ಸೆಕೆಂಡು ಅದೇ ಆಗಿರಲ್ಲ." ಕೂರುತ್ತ, "ನೀವು ಬಂದ್ರಲ್ಲ, ಸಾಕು" ಎಂದಳು.

ಹಲಗೆಯ ಮೇಲೆ ಬಿ.ಕಾಂ. ಎಂದೇ ಬರೆದರು. ಇಂದಿಗೂ ಹಾಗೆಯೇ ಇರಬೇಕು.

ಮುಂದಿನ ವಾರ ಹುಡುಗರ ಆಟಗಳು. ಶಿವಮಾದಯ್ಯ ನನ್ನನ್ನು ಕೊರಳಿನಿಂದ ತೆಗೆದು, ನೀರಿನಲ್ಲಿ ತೊಳೆದು, ತೇಜಾವತಿಗೆ ಕೊಟ್ಟರು. "ನನ್ ಕಾಲು ಓಡಲ್ಲ. ಓಡ್ದೆ ಇದ್ರೆ ಕಣ್ಣೂ ಕಾಣಲ್ಲ. ನೀನು ಊದವ್ವ."

ಹುಡುಗರು ನಕ್ಕರು, ಕೂಗಿದರು. ಅವಳು ಚೆಂಡಿನ ಹಿಂದೆ ಓಡಿದಳು. ಬಿ.ಎಸ್ಸಿ.ಯ ಉದ್ದನೆಯ ಹುಡುಗನೊಬ್ಬ, "ಮೊಣಕೈಲಿ ತಿವಿದ್ನಲ್ಲ, ಯಾಕ್ ಊದ್ನಿಲ್ಲ?" ಎಂದು ಮೈಮೇಲೆ ಬಂದ.

"ನಾನು ನೋಡ್ನಿಲ್ಲ," ಎಂದಳು ತೇಜಾವತಿ. "ನೋಡ್ದೆ ಇದ್ದದ್ದನ್ನ ಊದಲ್ಲ. ತಿವಿದಿದ್ರೆ ಅವನೇ ಹೇಳ್ಲಿ."

ಎಲ್ಲರೂ ಆ ಇನ್ನೊಬ್ಬನತ್ತ ನೋಡಿದರು. ಅವನು ಕತ್ತು ಕೆರೆದುಕೊಂಡ. ಹೇಳಲಿಲ್ಲ. ಆಟ ಮುಂದೆ ನಡೆಯಿತು. ಎಲ್ಲ ಸಲವೂ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆಂದು ನಾನು ಸುಳ್ಳು ಹೇಳಲಾರೆ.

ಅವಳು ದೈಹಿಕ ಶಿಕ್ಷಣವನ್ನೇ ಓದಿ ಇನ್ನೊಂದು ತಾಲ್ಲೂಕಿನ ಕಾಲೇಜಿಗೆ ಕೆಲಸಕ್ಕೆ ಸೇರಿದಳು. ನನ್ನನ್ನು ವಾಪಸು ಕೊಡಲು ಹೋದಾಗ ಶಿವಮಾದಯ್ಯ ತೆಗೆದುಕೊಳ್ಳಲಿಲ್ಲ. ನಿವೃತ್ತರಾದ ಮೇಲೆ ಒಮ್ಮೆ ಅವಳ ಕಾಲೇಜಿಗೆ ಬಂದು ಆಟ ನೋಡುತ್ತ ಕೂತಿದ್ದರು. ಪಕ್ಕದ ವಿದ್ಯಾರ್ಥಿ, "ಅದು ಫೌಲ್ ಅಲ್ವಾ ಸಾರ್?" ಎಂದು ಕೇಳಿದ. "ಗೊತ್ತಾಗ್ನಿಲ್ಲ ಕಣಪ್ಪ" ಎಂದು ಆರಾಮವಾಗಿ ಕಡಲೆಕಾಯಿ ಸುಲಿದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಇಪ್ಪತ್ತು ವರ್ಷ ನಾನು ತೇಜಾವತಿ ಮೇಡಂ ಕೊರಳಲ್ಲಿ ದುಡಿದೆ. ಬೆಂಡಿನ ಗುಂಡು ಸವೆದು ಸೀಳಿತು. ದನಿ ಗೊಗ್ಗರಾಯಿತು. ಈಗ ಅವರ ಮೇಜಿನ ಖಾನೆಯಲ್ಲಿ, ಹಳೆಯ ಬ್ಯಾಂಡೇಜು, ಚೆಂಡಿಗೆ ಗಾಳಿ ತುಂಬುವ ಸೂಜಿ, ಒಣಗಿದ ನೋವಿನ ಮುಲಾಮುಗಳ ನಡುವೆ ಮಲಗಿದ್ದೇನೆ. ಹೊರಗೆ ಪ್ಲಾಸ್ಟಿಕ್ ಸೀಟಿಯೊಂದು ಎಳೆ ಗಂಟಲಿನಲ್ಲಿ ಕಿರುಚುತ್ತದೆ. ಅದರ ಹಿಂದೆಯೇ ಹತ್ತು ಬಾಯಿ ಏಳುತ್ತವೆ. ಅಯ್ಯೋ ಮಗುವೆ, ಅನ್ನಿಸುತ್ತದೆ.

ಆದರೆ ಅಪರೂಪಕ್ಕೆ, ಸೀಟಿ ಕೇಳದೆಯೇ ಚೆಂಡಿನ ಸದ್ದು ನಿಂತುಬಿಡುತ್ತದೆ. ನಾನು ಕಿವಿಯಾಗುತ್ತೇನೆ. ಯಾವುದೋ ಹುಡುಗಿ ಏದುಸಿರಿನಲ್ಲಿ, "ಮೇಡಂ, ನನ್ ಬೆರಳಿಗೆ ತಗುಲಿ ಆಚೆ ಹೋಯ್ತು. ಬಾಲು ಅವರದು" ಎನ್ನುತ್ತಾಳೆ. ವಾದಕ್ಕೆ ಒಂದು ಬಾಯಿಯೂ ಏಳುವುದಿಲ್ಲ. ಆಮೇಲೆ ಚೆಂಡು ಮತ್ತೆ ನೆಲಕ್ಕೆ ಬೀಳುತ್ತದೆ.