ಪುಸ್ತಕದೊಳಗೆ ನಾಲ್ಕು ಕಾಳು ಜೋಳ

ಎಲ್ಲಿಂದ ಶುರು ಮಾಡಲಿ? ಇಲಿಯಿಂದಲೋ, ಅಮೃತವ್ವನಿಂದಲೋ? ಇಲಿಯಿಂದ ಶುರು ಮಾಡಿದರೆ ನೀವು ನಗುತ್ತೀರಿ, ಅಮೃತವ್ವ ಸಿಟ್ಟಾಗುತ್ತಾಳೆ. ಆಕೆಯಿಂದಲೇ ಆಗಲಿ.

೧

ಹೊಂಬಳ ಎಂಬ ಊರಿನ ಅಂಗಳವೊಂದರಲ್ಲಿ ಕೂಲಿಗೆ ಶೇಂಗಾ ಒಡೆಯುವ ಅಮೃತವ್ವ ಐವತ್ತನೇ ವಯಸ್ಸಿಗೆ ಓದು ಕಲಿತಳು. ಕಲಿಸಿದವಳು ಊರ ಗ್ರಂಥಾಲಯ ನೋಡಿಕೊಳ್ಳುವ ಮಂಜುಳಾ. ಅಲ್ಲಿಂದ ತಂದ ಅರ್ಜಿ ನಮೂನೆಗಳ ಪುಸ್ತಕ ನೋಡಿಕೊಂಡು ಅಮೃತವ್ವ ಜೊತೆಯವರಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಮೂವರಿಗೆ ವಿಧವಾ ವೇತನ ಬಂದಿತ್ತು.

ಇಸಿದುಕೊಂಡ ಪಾತ್ರೆಯನ್ನು ಬರಿದು ಮರಳಿಸಬಾರದು ಎಂಬುದು ಆಕೆಯ ಮನೆಯ ರೀತಿ. ಪುಸ್ತಕವೂ ಇಸಿದುಕೊಂಡದ್ದೇ ತಾನೆ? ಹಾಳೆಗಳ ನಡುವೆ ನಾಲ್ಕು ಕಾಳು ಜೋಳ ಇಟ್ಟು ಮರಳಿಸಿದಳು. ನೋಡಿದ ಹೆಂಗಸರೆಲ್ಲ ಹಾಗೇ ಮಾಡಿದರು.

[ಇಲ್ಲಿ ನಾನು ಆ ಕಾಳುಗಳಿಗೆ ಮೊಳಕೆ ಬರಿಸಿದ್ದೆ. ಕಪಾಟಿನಿಂದ ತೆನೆಗಳೆದ್ದು, ಕಿಟಕಿಯಿಂದ ತೇಲಿಬಂದ ಹತ್ತಿ ಎಳೆಗಳು ಅವುಗಳ ಮೇಲೆ ಮೋಡದ ಹಾಗೆ ಕೂತು...

"ಹುಚ್ಚಗಿಚ್ಚ ಹಿಡದೈತೇನ್ರಿ ನಿಮಗ?" ಎಂದಳು ಅಮೃತವ್ವ. "ಮೊಳಕಿ ಎಲ್ಲೀದು? ಇಲಿ ಬಂದ್ವು!"

ಆ ಸಾಲುಗಳನ್ನು ಹೊಡೆದು ಹಾಕಿದೆ. ಡ್ರಾಫ್ಟು ಚೆನ್ನಾಗಿತ್ತು, ಹೊಟ್ಟೆ ಉರಿಯುತ್ತದೆ.]

೨

ಇಲಿಗಳು ಹನ್ನೆರಡು ಪುಸ್ತಕ ಕಡಿದವು. ಮೇಲಿನವರ ಆದೇಶ ಬಂತು: ಇನ್ನು ಯಾರೂ ಪುಸ್ತಕ ಮನೆಗೆ ಒಯ್ಯುವಂತಿಲ್ಲ. ಗ್ರಂಥಾಲಯ ಮುಚ್ಚುವುದು ಆರಕ್ಕೆ. ಅಂಗಳದ ಕೆಲಸ ಬಿಡುವುದೂ ಆರಕ್ಕೆ. ಜೊತೆಯಲ್ಲಿ ಶೇಂಗಾ ಒಡೆಯುವ ಮುದುಕಿ ಗದಿಗೆವ್ವನ ವೇತನದ ಅರ್ಜಿಗೆ ನಾಳೆಯೇ ಕೊನೆಯ ದಿನ.

"ಪುಸ್ತಕದಾಗ ಜ್ವಾಳಾ ಯಾರರ ಇಡ್ತಾರೇನ ಬೇ ಯಕ್ಕಾ?" ಎಂದಳು ಮಂಜುಳಾ.

"ಖಾಲಿ ಕೊಡೂದು ಹೆಂಗ? ನಮಗೇನ ಮಾನಾ ಇಲ್ಲೇನು?"

ಮಂಜುಳಾಗೆ ನಗು ಬಂತು, ಕಣ್ಣೂ ತುಂಬಿತು. (ಕಣ್ಣು ತುಂಬಿದ್ದು ನನ್ನ ಸೇರ್ಪಡೆ.)

ಅಂತ್ಯ ಒಂದು

ಮಂಜುಳಾ ಪುಸ್ತಕವನ್ನು ಸೆರಗಿನಡಿ ಮುಚ್ಚಿ ಕೊಟ್ಟುಬಿಡುತ್ತಾಳೆ.

"ಆಕಿ ನೌಕರಿ ಹೋದ್ರ ನೀವು ಕೊಡಸ್ತೀರೇನು?" ಅಮೃತವ್ವ ನನ್ನನ್ನೇ ಕೇಳಿದಳು. ಕ್ಯಾನ್ಸಲ್.

ಅಂತ್ಯ ಮೂರು

(ಎರಡನೆಯದರಲ್ಲಿ ಅಧಿಕಾರಿಯ ಮನಸ್ಸು ಕರಗುತ್ತದೆ. ನನಗೇ ನಂಬಿಕೆ ಬರಲಿಲ್ಲ.)

ಪುಸ್ತಕ ಹೊರಗೆ ಹೋಗಬಾರದು, ಸರಿ. ಹೆಂಗಸರು ಒಳಗೆ ಬರಬಾರದು ಎಂದು ಆದೇಶದಲ್ಲಿ ಎಲ್ಲಿದೆ? ಆರು ಹೊಡೆದರೂ ಮಂಜುಳಾ ಬಾಗಿಲು ಹಾಕಲಿಲ್ಲ. ಶೇಂಗಾ ಸಿಪ್ಪೆ ಕೊಡವಿಕೊಂಡು ಒಬ್ಬೊಬ್ಬರಾಗಿ ಬಂದರು. ಸಂಜೆಯ ಬೆಳಕು ಕಪಾಟುಗಳ ನಡುವೆ ಮೆಲ್ಲಗೆ ಈಜುತ್ತಿತ್ತು. ಇಡೀ ಊರು ಆ ಒಂದು ಕೋಣೆಯೊಳಗೆ ಬಂದು ಉಸಿರು ಬಿಗಿಹಿಡಿದು ಕೂತಂತೆ. ಅಮೃತವ್ವ ಪೆನ್ನು ಹಿಡಿದಳು.

ಇಲ್ಲಿಗೆ ಮುಗಿಸಿಬಿಡೋಣ ಎಂದೆ.

"ತಡೀರಿ," ಆಕೆ ತಲೆ ಎತ್ತಲಿಲ್ಲ. "ಇನ್ನೂ ಹೆಸರಷ್ಟ ಬರದೀನಿ. ಗದಿಗೆವ್ವಾ, ನಿನಗ ಏನೇನ ಬೇಕು, ಹೇಳು."

ಎಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಗದಿಗೆವ್ವ ಹಾಳೆಯ ಹತ್ತಿರ ಸರಿದು ಕೂತಳು.

"ಪಗಾರ ಅಂತೂ ಬರಿ. ಆಮ್ಯಾಲ ಕಣ್ಣಿಗೊಂದ ಚಾಳೀಸ ಬರಿ, ನಾನೂ ಓದಬೇಕು. ಆಮ್ಯಾಲ..."

ಅರ್ಜಿಯಲ್ಲಿ ಅದಕ್ಕೆಲ್ಲ ಜಾಗವಿರಲಿಲ್ಲ. ಮಂಜುಳಾ ಇನ್ನೊಂದು ಹಾಳೆ ಕೊಟ್ಟಳು. ಗದಿಗೆವ್ವ ಹೇಳುತ್ತಲೇ ಇದ್ದಾಳೆ, ಅಮೃತವ್ವ ಬರೆಯುತ್ತಲೇ