ಪುರಸಭೆಯ ಹಲ್ಲು

“ನೀನೀಗ ತಾಯಿ ಅಲ್ಲಮ್ಮ,” ಎಂದಳು ಪುರಸಭೆಯ ತಾಯಿ-ಮಕ್ಕಳ ದವಾಖಾನೆಯ ಮಿಸ್ ಟ್ಯಾಟರ್ಸಾಲ್, ಕಡತದಿಂದ ಕಣ್ಣೆತ್ತದೆ.

ಫ್ಲಾರಿ ಗ್ರಿಮ್‌ಶಾ ಸೊಂಟದ ಮೇಲಿದ್ದ ಕೂಸನ್ನು ನೋಡಿದಳು. ಅದು ಅವಳ ಶಾಲಿನ ತುದಿ ಚೀಪುತ್ತಿತ್ತು.

“ಹಂಗಾರೆ ಇದು ಯಾರ್ದು ಅಮ್ಮಾವ್ರೇ?” ಹಲ್ಲಿಲ್ಲದ ಬಾಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

ಮಗುವಿಗೆ ವರ್ಷ ತುಂಬುವವರೆಗೆ ಮಾತ್ರ ಹೆತ್ತವಳು ತಾಯಿ, ಆಮೇಲೆ ಬರೀ ಹೆಂಗಸು. ಪುರಸಭೆ ಹಲ್ಲಿನ ಸೆಟ್ಟು ಕೊಡುವುದು ತಾಯಂದಿರಿಗೆ, ಹೆಂಗಸರಿಗಲ್ಲ ಎಂದು ಟ್ಯಾಟರ್ಸಾಲ್ ತಿಳಿಹೇಳಿದಳು. ಫ್ಲಾರಿಯ ಕೂಸಿಗೆ ವರ್ಷ ತುಂಬಿದ್ದು ಮೊನ್ನೆ ಮಂಗಳವಾರ.

ಹಲ್ಲು ಕಿತ್ತದ್ದೂ ಇದೇ ದವಾಖಾನೆ. ಲ್ಯಾಂಕಶೈರಿನ ಬಟ್ಟೆ ಗಿರಣಿಯಲ್ಲಿ ಹದಿಮೂರನೇ ವಯಸ್ಸಿನಿಂದ ನೂಲಿನ ತುದಿ ಹೊರಗೆಳೆಯಲು ಲಾಳಿಯ ತೂತಿಗೆ ಬಾಯಿಟ್ಟು ಹೀರಿ ಹೀರಿ ಅವಳ ಮುಂದಿನ ಹಲ್ಲುಗಳು ಹುಳುಕಾಗಿದ್ದವು. ಬಾಣಂತಿಯಾಗಿ ಬಂದಾಗ, ಆ ಹುಳುಕಿನ ವಿಷ ಹಾಲಿಗಿಳಿದು ಕೂಸು ಸಾಯುತ್ತದೆಂದು ಹೆದರಿಸಿದ ಡಾಕ್ಟರು, ಒಂದೇ ಸಲಕ್ಕೆ ಮುಗಿಯಲಿ ಎಂದು ಗಟ್ಟಿ ಹಲ್ಲುಗಳನ್ನೂ ಕಿತ್ತುಹಾಕಿದರು. ಒಸಡು ಮಾಯಲು ಆರು ತಿಂಗಳು, ವರ್ಷದಲ್ಲಿ ಮಿಕ್ಕದ್ದು ಸೆಟ್ಟು ಮಂಜೂರು ಮಾಡುವ ಪುರಸಭೆಯ ಸಮಿತಿಯ ಸಭೆಗಳಿಗೆ ಹೋಯಿತು.

ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಗಿರಣಿಯ ಹೆಂಗಸರು ತುಟಿ ನೋಡಿಯೇ ಹರಟುವವರು. ಫ್ಲಾರಿಯ ಒಳಸೇರಿದ ತುಟಿಗಳನ್ನು ಓದುವವರೇ ಇಲ್ಲದಾಯಿತು. ಅವಳು ನೂಲು ಕೇಳಿದರೆ, ಮುತ್ತು ಕೇಳುತ್ತಾಳೆಂದು ಮೇಸ್ತ್ರಿ ಎಲ್ಲರಿಗೂ ಸನ್ನೆ ಮಾಡಿ ನಗಿಸುತ್ತಿದ್ದ.

“ಒಂದು ದಾರಿ ಇದೆ,” ಟ್ಯಾಟರ್ಸಾಲ್ ದನಿ ತಗ್ಗಿಸಿದಳು. “ಇನ್ನೊಂದ್ಸಲ ಬಸುರಿಯಾಗಿ ಬಾ. ನಿನ್ನ ಸೆಟ್ಟು ತಯಾರಾಗೇ ಇದೆ.”

ಅವಳ ಬೆನ್ನ ಹಿಂದಿನ ಗಾಜಿನ ಬೀರುವಿನಲ್ಲಿ ಹೆಸರಿನ ಚೀಟಿ ಅಂಟಿಸಿಕೊಂಡ ಸೆಟ್ಟುಗಳು ಸಾಲಾಗಿ ಹಲ್ಲು ಕಿರಿದಿದ್ದವು. ಎರಡನೇ ಸಾಲಿನಲ್ಲಿ ‘ಗ್ರಿಮ್‌ಶಾ’.

“ಈ ಬೊಚ್ಚುಬಾಯಿ ನೋಡ್ಕಂಡು ನನ್ ಗಂಡ ಮಗ್ಗುಲಿಗೇ ಬರಾಕಿಲ್ಲ,” ಎಂದಳು ಫ್ಲಾರಿ. “ನಿಮ್ ಸಮಿತಿ ಬೋಳಿಮಕ್ಕಳನ್ನೇ ಕಳಿಸ್ಕೊಡಿ ಹಂಗಾರೆ.”

ಬೆಂಚಿನ ಮೇಲೆ ಕಾದಿದ್ದ ಬಸುರಿಯರು ಕಿಸಕ್ಕನೆ ನಕ್ಕರು. ಫ್ಲಾರಿ ಕೂಸನ್ನು ಕಡತದ ಮೇಲೆ ಕೂರಿಸಿ, ಬೀರು ತೆಗೆದು, ತನ್ನ ಸೆಟ್ಟಿನ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಬಾಯಿಗೆ ತುರುಕಿಕೊಂಡಳು. ಒಸಡು ಕೊರೆದು ಕಣ್ಣಲ್ಲಿ ನೀರು ಬಂತು.

ಅದು ಪುರಸಭೆಯ ಆಸ್ತಿ, ತೆಗೆದಿಡು ಎಂದು ಗದರಿದ ಟ್ಯಾಟರ್ಸಾಲ್, ಕಾಗದ ಒದ್ದೆ ಮಾಡುತ್ತಿದ್ದ ಕೂಸನ್ನು ಮುಟ್ಟಲಾರದೆ ಬಾಗಿಲ ಕಾವಲಿನವನನ್ನು ಕೂಗಿದಳು. ದಪ್ಪ ಮೀಸೆಯ ಆಸಾಮಿ ಓಡಿ ಬಂದ.

ಫ್ಲಾರಿ ಅವನಿಗೆದುರಾಗಿ ಬಾಯಿ ಅಗಲಿಸಿ ನಿಂತಳು.

“ತಕ್ಕೋ,” ಎಂದಳು. “ಕೈ ಹಾಕಿ ತಕ್ಕೋ.”

ಅವನು ಬಾಯನ್ನು ನೋಡಿದ, ಟ್ಯಾಟರ್ಸಾಲಳನ್ನು ನೋಡಿದ, ಆಮೇಲೆ ಎರಡೂ ಕೈಗಳನ್ನು ಮೆಲ್ಲಗೆ ಜೇಬಿಗಿಳಿಸಿದ.