ಖಾಲಿ ತೊಟ್ಟಿಗೆ ಒಂದು ಚಿಟಿಕೆ ಕಾಳು

ಬೆಳಿಗ್ಗೆ ಸಲೂನಿನ ಶಟರ್ ಎತ್ತಿದಾಗ ಗಾಜಿನ ತೊಟ್ಟಿಯಲ್ಲಿದ್ದ ಹದಿನಾಲ್ಕು ಮೀನುಗಳೂ ಒಂದೇ ಮೂಲೆಯಲ್ಲಿ ಗುಂಪುಗೂಡಿ ನಿಂತಿದ್ದವು. ಶಟರಿನ ಸದ್ದಿಗೆ ಮೇಲೆ ಬಂದು ಬಾಯಿ ತೆರೆಯುವುದು ಅವುಗಳ ರೂಢಿ. ಅವತ್ತು ಒಂದೂ ಅಲುಗಲಿಲ್ಲ. ಕ್ಷೌರಿಕ ಬಗ್ಗಿ ನೋಡಿದ. ಯಾರೋ ಪುಡಿ ಉಪ್ಪು ಉದುರಿಸಿದ ಹಾಗೆ ಮೈಮೇಲೆಲ್ಲ ಬಿಳಿ ಚುಕ್ಕೆ. ಆಗಾಗ ಒಂದು ಮೀನು ಗುಂಪಿನಿಂದ ಸಿಡಿದು ಬಂದು, ತಳದ ಕಲ್ಲಿಗೆ ಮೈ ಉಜ್ಜಿ, ಮತ್ತೆ ಹೋಗಿ ಮೂಲೆ ಸೇರುತ್ತಿತ್ತು.

ಅದಕ್ಕೆ ಒಂದು ವಾರದ ಹಿಂದೆ ಆತ ಸಾಕುಮೀನಿನ ಅಂಗಡಿಯಿಂದ ಕೇಸರಿ ಬಣ್ಣದ ಎರಡು ಹೊಸ ಮೀನು ತಂದಿದ್ದ. ಪ್ಲಾಸ್ಟಿಕ್ ಚೀಲದ ಬಾಯಿ ಕತ್ತರಿಸಿ ನೀರಿನ ಸಮೇತ ತೊಟ್ಟಿಗೆ ಸುರಿದಿದ್ದ. ಎಲ್ಲರೂ ಮಾಡುವುದು ಹಾಗೇ ತಾನೆ?

ಎಂಟು ದಿನದಲ್ಲಿ ತೊಟ್ಟಿ ಖಾಲಿಯಾಯಿತು. ಒಂದು ಮೀನು ಸಾಯುವುದನ್ನೂ ಯಾರೂ ಕಣ್ಣಾರೆ ನೋಡಲಿಲ್ಲ. ಸಂಜೆ ಬಾಗಿಲು ಹಾಕುವಾಗ ಇದ್ದವು, ಬೆಳಿಗ್ಗೆ ತೆರೆಯುವಾಗ ಎರಡು ಸತ್ತು ತೇಲುತ್ತಿದ್ದವು. ನೀರು ಮಾತ್ರ ಆಚೆ ಬದಿಗೆ ಪೇಪರ್ ಹಿಡಿದರೆ ಓದಬಹುದಾದಷ್ಟು ತಿಳಿಯಾಗಿತ್ತು.

ಆತನಿಗೆ ಮೀನಿಗಿಂತ ಅಪ್ಪನದೇ ಚಿಂತೆ. ನಲವತ್ತು ವರ್ಷ ಅದೇ ಸಲೂನಿನಲ್ಲಿ ಕತ್ತಿ ಹಿಡಿದ ಅಪ್ಪ, ಕೈ ನಡುಗತೊಡಗಿದ ಮೇಲೆ ತಾನಾಗಿಯೇ ಕೆಲಸ ಬಿಟ್ಟಿದ್ದರು. ಆಮೇಲೆ ಅವರಿಗೆ ಉಳಿದದ್ದು ಈ ತೊಟ್ಟಿಯೊಂದೇ. ಹತ್ತು ಗಂಟೆಗೆ ಮೀನಿಗೆ ಒಂದು ಚಿಟಿಕೆ ಕಾಳು. ಆ ಒಂದು ಚಿಟಿಕೆಗಾಗಿ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, "ಡ್ಯೂಟಿಗೆ ಹೊರಟೆ" ಎಂದು ಸೊಸೆಗೆ ಹೇಳಿ, ಎರಡು ಬೀದಿ ನಡೆದು ಬರುತ್ತಿದ್ದರು. ಈ ಕೆಲಸವೂ ಹೋದರೆ ಅವರು ಹಾಸಿಗೆ ಹಿಡಿಯುತ್ತಾರೆ ಎಂದು ಮಗ ಹೆದರಿದ. ಮಾರನೆಯ ದಿನವೇ ಆರು ಹೊಸ ಮೀನು ತಂದು ಬಿಟ್ಟ.

ಅವು ಮೂರು ದಿನ ಚೆನ್ನಾಗಿಯೇ ಓಡಾಡಿದವು. ನಾಲ್ಕನೆಯ ದಿನ ಆರೂ ಅದೇ ಮೂಲೆಗೆ ಹೋಗಿ ನಿಂತವು. ಹತ್ತನೆಯ ದಿನಕ್ಕೆ ಅಲ್ಲಿ ನೀರು ಮಾತ್ರ ಇತ್ತು.

ಪಕ್ಕದ ಟೈಲರ್ ಗಡ್ಡ ಮಾಡಿಸಿಕೊಳ್ಳಲು ಬಂದವನು, ಕತ್ತರಿ ಆಡಿಸುತ್ತ ನೀನು ಹಾಡೋ ಹಾಡು ಕೇಳಿಯೇ ಸತ್ತಿರಬೇಕು ಕಣೋ ಎಂದು ನಗೆಯಾಡಿದ. ಆದರೆ ತೊಟ್ಟಿಯ ಪಕ್ಕದ ಕುರ್ಚಿ ಖಾಲಿಯಿದ್ದರೂ ಬಾಗಿಲ ಬಳಿಯ ಕುರ್ಚಿಯೇ ಬೇಕೆಂದು ಕಾದು ಕುಳಿತ.

ಅಪ್ಪ ಬರುವುದನ್ನು ನಿಲ್ಲಿಸಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ಬಂದರು, ಮುಚ್ಚಳ ಎತ್ತಿದರು, ಖಾಲಿ ತೊಟ್ಟಿಗೆ ಒಂದು ಚಿಟಿಕೆ ಕಾಳು ಉದುರಿಸಿದರು. ಕಾಳು ತೇಲಿತು, ನೆನೆಯಿತು, ಮೆಲ್ಲಗೆ ತಳಕ್ಕಿಳಿಯಿತು. ಅದರ ಹಿಂದೆಯೇ ಅವರ ಕಣ್ಣೂ ಇಳಿಯಿತು. ಎದುರುಬದುರು ಕನ್ನಡಿಗಳಲ್ಲಿ ಒಬ್ಬರ ಹಿಂದೊಬ್ಬರಂತೆ ಸಾಲುಸಾಲು ಮುದುಕರು ಸಾಲುಸಾಲು ಖಾಲಿ ತೊಟ್ಟಿಗಳಿಗೆ ಕಾಳು ಹಾಕುತ್ತಿದ್ದರು. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದ ಗಿರಾಕಿ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡ.

"ಅಪ್ಪಾ, ಅದರಲ್ಲಿ ಯಾರೂ ಇಲ್ಲ."

"ಇದಾರೆ," ಎಂದರು ಅಪ್ಪ. "ನಿನಗೆ ಕಾಣ್ತಿಲ್ಲ, ಅಷ್ಟೆ."

ಅಪ್ಪನ ತಲೆ ಕೈಕೊಡುತ್ತಿದೆ ಎಂದು ಮಗನಿಗೆ ಅನ್ನಿಸಿತು. ಇವತ್ತು ಸಂಜೆಯೇ ಮತ್ತೆ ಮೀನು ತರುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ.

ಅವತ್ತು ಮಧ್ಯಾಹ್ನ ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡುವ ಮೇಡಂ ಒಬ್ಬರು ತಮ್ಮ ಮಾವನವರನ್ನು ಗಡ್ಡ ಮಾಡಿಸಲು ಕರೆತಂದರು. ಬೆಂಚಿನ ಮೇಲೆ ಕುಳಿತವರು ತೊಟ್ಟಿಯನ್ನು ನೋಡಿ ವಿಚಾರಿಸಿದರು. ಆತ ಎಲ್ಲವನ್ನೂ ಹೇಳಿದ. ಅಪ್ಪ ಇನ್ನೂ ತೊಟ್ಟಿಯ ಬಳಿಯೇ ಕುಳಿತಿದ್ದರಿಂದ ಅವರ ಮಾತನ್ನು ಮಾತ್ರ ದನಿ ತಗ್ಗಿಸಿ ಹೇಳಿದ.

"ನಿಮ್ಮಪ್ಪ ಹೇಳಿದ್ದು ಸರಿಯಾಗೇ ಇದೆ ಅಣ್ಣಾ," ಎಂದರು ಮೇಡಂ. "ತೊಟ್ಟಿ ಖಾಲಿ ಇಲ್ಲ."

ಅವರು ವಿವರಿಸಿದ್ದನ್ನು ಕೇಳುತ್ತ ಆತನ ಕೈ ನಿಂತೇ ಹೋಯಿತು. ಆ ಬಿಳಿ ಚುಕ್ಕೆ ಕಲೆಯಲ್ಲ, ಜೀವ. ಮೀನಿನ ಚರ್ಮದೊಳಗೆ ಕುಳಿತು ತಿಂದು ಬೆಳೆಯುತ್ತದೆ. ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ಕಲ್ಲಿನ ಸಂದಿಯಲ್ಲಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಒಂದು ದಿನ ಅದು ಒಡೆದು ಕಣ್ಣಿಗೆ ಕಾಣದ ನೂರಾರು ಮರಿಗಳು ಹೊರಗೆ ಬಂದು ಮೀನು ಹುಡುಕುತ್ತ ಈಜುತ್ತವೆ. "ನೀವು ತಂದ ಆರು ಮೀನಿಗೆ ಅವು ಅಲ್ಲಿ ಕಾಯ್ತಾ ಇದ್ದವು," ಎಂದರು.

"ಕಣ್ಣಿಗೇ ಕಾಣದ್ದಕ್ಕೆ ಹೆದರ್ತಾ ಕೂತರೆ ಆಗುತ್ತಾ ಮೇಡಂ? ನೀರು ನೋಡಿ, ಹೇಗೆ ಹೊಳೀತಿದೆ."

"ನನ್ನ ಮಾವನಿಗೆ ಈಗ ಹೊಸ ಬ್ಲೇಡು ಹಾಕಿದ್ರಲ್ಲ, ಯಾಕೆ? ಹಳೇದೂ ಹೊಳೀತಾನೇ ಇತ್ತು."

ಕುರ್ಚಿಯಲ್ಲಿದ್ದ ಮಾವನವರು ನೊರೆಯೊಳಗಿಂದಲೇ, "ಮಾತು ಮುಗಿದ ಮೇಲೆ ಇನ್ನೊಂದು ಕೆನ್ನೆನೂ ಮಾಡಪ್ಪ, ಹೀಗೇ ಮನೆಗೆ ಹೋದರೆ ಒಳಗೆ ಸೇರಿಸಲ್ಲ," ಎಂದರು.

ಮೇಡಂ ಹೇಳಿದ ದಾರಿ ಕಷ್ಟದ್ದೇನಲ್ಲ, ತಾಳ್ಮೆಯದು. ಮೀನು ಸಿಗದಿದ್ದರೆ ಆ ಮರಿಗಳು ಎರಡು ಮೂರು ದಿನದಲ್ಲಿ ಸಾಯುತ್ತವೆ. ಚಿಪ್ಪುಗಳೆಲ್ಲ ಒಡೆದು ಮುಗಿಯಲು ಬೆಚ್ಚಗಿನ ನೀರಿನಲ್ಲಿ ಕೆಲವೇ ದಿನ ಸಾಕು, ತಣ್ಣಗಿದ್ದರೆ ಇನ್ನೂ ತಡ. ನಾಲ್ಕು ವಾರ ಒಂದೂ ಮೀನು ಬಿಡದೆ ಕಾದರೆ ನಿಶ್ಚಿಂತೆ. ಫಿಲ್ಟರ್ ಮಾತ್ರ ನಿಲ್ಲಿಸಬಾರದು. ಅದರ ಸ್ಪಂಜಿನಲ್ಲಿ ನೀರು ಶುಚಿ ಮಾಡುವ ಒಳ್ಳೆಯ ಜೀವಿಗಳಿವೆ, ಅವಕ್ಕೂ ಹೊಟ್ಟೆ ಇದೆ.

"ಯಜಮಾನ್ರು ದಿನಾ ಹಾಕೋ ಆ ಒಂದು ಚಿಟಿಕೆ ಅವನ್ನ ಸಾಕ್ತಿದೆ," ಎಂದರು. "ರೋಗದ ಹುಳಕ್ಕೆ ಅದು ಬೇಡ, ಅದಕ್ಕೆ ಮೀನೇ ಆಗಬೇಕು. ನೀವು ಹಾಕ್ತಾ ಇರಿ ತಾತ, ಜಾಸ್ತಿ ಮಾತ್ರ ಬೇಡ."

ಅಪ್ಪ ಮಗನ ಕಡೆ ಒಂದು ನೋಟ ಬೀರಿದರು.

ಹೊಸ ಮೀನು ಮೇಡಂ ಹೇಳಿದಂತೆ ಸಲೂನಿನ ಹಿಂದಿನ ಕೋಣೆಗೆ ಬಂದವು. ದೊಡ್ಡ ಪ್ಲಾಸ್ಟಿಕ್ ಟಬ್ಬು, ಗಾಳಿಯ ಪಂಪು, ಸಣ್ಣ ಸ್ಪಂಜಿನ ಫಿಲ್ಟರು, ಮೇಲೊಂದು ಜಾಲರಿ. ಅಂಗಡಿಯ ಚೀಲವನ್ನು ಸ್ವಲ್ಪ ಹೊತ್ತು ನೀರಿನಲ್ಲಿ ತೇಲಿಬಿಟ್ಟು, ನಾಲ್ಕು ಮೀನನ್ನಷ್ಟೇ ಎತ್ತಿ ಒಳಗೆ ಬಿಟ್ಟು, ಚೀಲದ ನೀರನ್ನು ಚೆಲ್ಲಿದರು. ಟಬ್ಬಿಗೆ ಅದರದೇ ಬಲೆ, ಅದರದೇ ಚೊಂಬು. ದಿನಾ ಒಂದಿಷ್ಟು ನೀರು ತೆಗೆದು, ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಹೊಸ ನೀರು ಹಾಕುವುದು ಮಗನ ಕೆಲಸ. ದಿನಾ ಪ್ರತಿ ಮೀನಿನ ಮೈ, ರೆಕ್ಕೆ, ಉಸಿರು ನೋಡುವುದು ಅಪ್ಪನ ಕೆಲಸ. ಕಾವಲು ನಾಲ್ಕು ವಾರ.

ಒಂಬತ್ತನೆಯ ದಿನ ಹಿಂದಿನ ಕೋಣೆಯಿಂದ ಅಪ್ಪನ ಕರೆ ಬಂತು. ಟಬ್ಬಿನಲ್ಲಿ ಒಂದು ಮೀನು ಮೂಲೆ ಹಿಡಿದಿತ್ತು. ಬಾಲದ ಮೇಲೆ ಮೂರು ಕಾಳು ಉಪ್ಪು.

ಮಗ ಬಗ್ಗಿ ನೋಡಿದ. ಸಾಕುಮೀನಿನ ಅಂಗಡಿಯಲ್ಲಿ ಲಕಲಕ ಹೊಳೆಯುತ್ತಿದ್ದ ಮೀನು ಅದು. ಒಳಗೆ ರೋಗವನ್ನು ಹೊತ್ತುಕೊಂಡೇ ಇಲ್ಲಿಗೆ ಬಂದಿತ್ತು. ಗಾಬರಿಯಲ್ಲಿ ಆತ ಮೀನನ್ನು ಬಟ್ಟಲಿಗೆ ಎತ್ತಿಡಲು ದೊಡ್ಡ ತೊಟ್ಟಿಯ ಬಲೆಯನ್ನೇ ತಂದು ಟಬ್ಬಿನಲ್ಲಿ ಆಡಿಸಿದ. ಮೀನು ಸಿಗಲಿಲ್ಲ. ಬಲೆಯನ್ನು ವಾಪಸ್ ತೊಟ್ಟಿಯ ಅಂಚಿಗೆ ನೇತುಹಾಕಲು ಹೊರಟ. ನಡುಗುವ ಕೈಯೊಂದು ಆತನ ಮಣಿಕಟ್ಟನ್ನು ಹಿಡಿಯಿತು. ಆ ಕೈಯಲ್ಲಿ ಇನ್ನೂ ಇಷ್ಟು ಬಲವಿದೆಯೆಂದು ಮಗನಿಗೆ ಗೊತ್ತಿರಲಿಲ್ಲ.

"ಎಲ್ಲಿಗೆ?" ಎಂದರು ಅಪ್ಪ. "ಆ ಹನಿಯಲ್ಲಿ ಎಷ್ಟು ಜನ ಇದಾರೆ, ಎಣಿಸಿದೀಯಾ?"

ಬಲೆಯಿಂದ ತೊಟ್ಟಿಕ್ಕುತ್ತಿದ್ದ ಹನಿಯನ್ನು ಇಬ್ಬರೂ ನೋಡಿದರು. ನೆಲದ ಮೇಲೆ ಅದು ತಿಳಿಯಾಗಿ, ದುಂಡಗೆ ಕುಳಿತಿತ್ತು. ಖಾಲಿ ತೊಟ್ಟಿಯ ಇಷ್ಟು ದಿನದ ಕಾವಲು ಇನ್ನೊಂದು ಮಾರು ದೂರದಲ್ಲಿ ಮಣ್ಣುಪಾಲಾಗುವುದರಲ್ಲಿತ್ತು. ಆ ಬಲೆಯನ್ನು ಟಬ್ಬಿಗೇ ಬಿಟ್ಟು, ಕೈಯನ್ನು ಸೋಪು ಹಾಕಿ ತೊಳೆದು, ತೊಟ್ಟಿಗೆ ಬೇರೆ ಬಲೆ ತಂದರು.

ಸಾಕುಮೀನಿನ ಅಂಗಡಿಯಲ್ಲಿ ಸಿಗುವ ಔಷಧಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಹಾಕಿದರು. ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಬೇಡಿ, ಅದು ಸತ್ತಿರುವುದಿಲ್ಲ, ತಳಕ್ಕೆ ಇಳಿದಿರುತ್ತದೆ ಎಂದು ಮೇಡಂ ಎಚ್ಚರಿಸಿದ್ದರು. ಮೂಲೆ ಹಿಡಿದ ಮೀನು ಉಳಿಯಲಿಲ್ಲ, ಅದನ್ನು ಮಣ್ಣಿನಲ್ಲಿ ಹೂತರು. ಮೂರು ಉಳಿದವು. ಕೊನೆಯ ಚುಕ್ಕೆ ಕಂಡ ದಿನದಿಂದ ಮತ್ತೆ ನಾಲ್ಕು ವಾರದ ಎಣಿಕೆ ಶುರುವಾಯಿತು. ಮಗ ಗೊಣಗಿದ. ಸೊಸೆ ಗಂಡನಿಗೆ, ಮಾವ ಇಷ್ಟು ಗೆಲುವಾಗಿ ಊಟ ಮಾಡಿ ಎಷ್ಟು ದಿನವಾಗಿತ್ತು, ಸುಮ್ಮನಿರಿ ಎಂದಳು.

ಮೂರು ಮೀನನ್ನು ದೊಡ್ಡ ತೊಟ್ಟಿಗೆ ಬಿಟ್ಟ ದಿನ ಗಿರಾಕಿಗಳೂ ಎದ್ದು ಬಂದು ತೊಟ್ಟಿಯ ಸುತ್ತ ನಿಂತರು. ಅವು ಒಂದು ಕ್ಷಣ ಒಟ್ಟಿಗೆ ನಿಂತವು. ಅಪ್ಪ ಕಣ್ಣು ಕೀಳದೆ ನೋಡಿದರು. ಆಮೇಲೆ ಒಂದು ಗಿಡದ ಕಡೆ, ಒಂದು ಗಾಜಿನ ಕಡೆ, ಒಂದು ಗುಳ್ಳೆಗಳ ಕಡೆ ಹೀಗೆ ಮೂರೂ ಚದುರಿ ಹೋದವು.

ಮಗನಿಗೆ ಧೈರ್ಯ ಬಂತು. ನಾಳೆಯೇ ಇನ್ನೂ ಮೂರು ತರುತ್ತೇನೆ ಎಂದ.

"ತಾ," ಎಂದರು ಅಪ್ಪ. "ಟಬ್ಬು ತೊಳೆದು ಒಣಗಿಸಿಡ್ತೀನಿ."

ಮನೆಯಲ್ಲಿ ಮೀನು ಸಾಕುವ ಅಕ್ಕ ಅಣ್ಣಂದಿರೇ, ನಿಮ್ಮ ತೊಟ್ಟಿಯಲ್ಲಿ ರೋಗ ಬಂದು ಹೋಗಿದ್ದರೆ ಮೀನು ತರಲು ಅವಸರಪಡಬೇಡಿ. ಕೊನೆಯ ಮೀನು ಹೋದ ದಿನದಿಂದ ನಾಲ್ಕು ವಾರ ಕಾಯಿರಿ, ಆಮೇಲೂ ಒಮ್ಮೆಗೆ ಎರಡೋ ಮೂರೋ ಬಿಡಿ. ಹೊಸ ಮೀನು ಎಷ್ಟೇ ಚಂದವಿರಲಿ, ನಾಲ್ಕು ವಾರ ಬೇರೆ ಟಬ್ಬಿನಲ್ಲಿರಲಿ, ಬೇರೆ ಬಲೆ ಇರಲಿ. ರೋಗದ ನೀರನ್ನು ಕೆರೆಗೆ, ಕಾಲುವೆಗೆ ಚೆಲ್ಲಬೇಡಿ, ಅಲ್ಲಿಯೂ ಮೀನುಗಳಿವೆ. ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ತೊಟ್ಟಿಯ ಮುಂದೆ ಎರಡು ನಿಮಿಷ ನಿಲ್ಲಿ. ನೀರನ್ನಲ್ಲ, ಮೀನನ್ನು ನೋಡಿ. ಯಾವುದಾದರೂ ಮೂಲೆ ಹಿಡಿದು ನಿಂತಿದ್ದರೆ, ನಾಳೆಯವರೆಗೆ ಕಾಯಬೇಡಿ, ಇವತ್ತೇ ಬಲ್ಲವರನ್ನು ಕೇಳಿ ಚಿಕಿತ್ಸೆ ಶುರುಮಾಡಿ.